ಮುಡಿಗೆ ನಲವತ್ತೆರಡು ಸೇರು ಯಾಕೆ

ಅಂಗಡಿಗಳಿಗೆ ಕಿಲೋ ತೂಕದ ಬಟ್ಟುಗಳು ಬಂದ ಹೊಸದು, ಅಂದರೆ ಸಾವಿರದ ಒಂಬೈನೂರ ಅರವತ್ತರ ಆಚೀಚೆ. ನಾನು ಮಂಗಳೂರಿನ ಬಲ್ಮಠದ ಒಂದು ಹುಡುಗಿಯರ ಶಾಲೆಯಲ್ಲಿ ಐದನೆಯ ತರಗತಿಗೆ ಲೆಕ್ಕ ಕಲಿಸುತ್ತಿದ್ದೆ. ಆ ಒಂದು ವರ್ಷದ ಸಂಗತಿಯನ್ನು ನಿಮ್ಮ ಅಮ್ಮನಿಗೂ ನಾನು ಹೇಳಿಲ್ಲ. ಎದುರು ಕೂತು ಹೇಳುವ ಧೈರ್ಯ ನನಗೆ ಯಾವಾಗಲೂ ಕಡಿಮೆ. ಬರೆದರೆ ಓದುವವರ ಮುಖ ನೋಡಬೇಕಾಗಿಲ್ಲ. ಅದಕ್ಕೇ ಮೊಮ್ಮಕ್ಕಳಾದ ನಿಮಗೆ ಬರೆದಿಡುತ್ತಿದ್ದೇನೆ.

ಆಗ ನಿಮ್ಮ ಅಜ್ಜ ತೀರಿಹೋಗಿ ಮೂರು ವರ್ಷ. ನಿಮ್ಮ ಅಮ್ಮನಿಗೆ ಏಳು. ಬಿಜೈಯಲ್ಲಿ ಒಂದು ಕೋಣೆ ಹಿಡಿದು ಇದ್ದೆವು. ನನ್ನ ಹುದ್ದೆ ತಾತ್ಕಾಲಿಕ. ಪ್ರತಿ ವರ್ಷ ಬೇಸಗೆ ರಜೆ ಶುರುವಾಗುವಾಗ ಕೆಲಸ ಮುಗಿಯುತ್ತಿತ್ತು. ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಎರಡು ತಿಂಗಳು ಕಾಯಬೇಕು. ಖಾಯಂ ಆಗಬೇಕಾದರೆ ಇನ್‌ಸ್ಪೆಕ್ಟರರ ಶಿಫಾರಸು ಬೇಕಿತ್ತು. ಶಾಲೆಯ ಉಳಿದ ಟೀಚರುಗಳು ಪೇಟೆಯಲ್ಲಿ ಓದಿದವರು. ನಾನು ಹಳ್ಳಿಯ ಒಬ್ಬರೇ ಮೇಷ್ಟ್ರ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿತವಳು. ಅವರ ನಡುವೆ ಕೂತಾಗ ನಾನು ಊಟದ ಬುತ್ತಿ ಬಿಚ್ಚುವ ಸದ್ದೂ ಆಗದ ಹಾಗೆ ನೋಡಿಕೊಳ್ಳುತ್ತಿದ್ದೆ. ನನಗೆ ಏನಾದರೂ ಗೊತ್ತಿಲ್ಲ ಎಂದು ಯಾರಿಗೂ ಗೊತ್ತಾಗಬಾರದು, ಅಷ್ಟೇ ನನ್ನ ಚಿಂತೆ.

ಆ ಜೂನಿನಲ್ಲಿ ಹೆಡ್‌ಮಿಸ್ಟ್ರೆಸ್ ನಮ್ಮನ್ನೆಲ್ಲ ಕರೆದು ಒಂದು ಸುತ್ತೋಲೆ ಓದಿದರು. ಇನ್ನು ಮೇಲೆ ಲೆಕ್ಕದ ಜೊತೆಗೆ ಲೆಕ್ಕದ ಇತಿಹಾಸವನ್ನೂ ಹೇಳಬೇಕು. ಸೊನ್ನೆ ಎಲ್ಲಿ ಹುಟ್ಟಿತು, ಗಂಟೆಗೆ ಅರವತ್ತು ನಿಮಿಷ ಯಾಕೆ, ನಮ್ಮ ಹಿರಿಯರು ಹೇಗೆ ಅಳೆಯುತ್ತಿದ್ದರು, ಇಂಥದ್ದೆಲ್ಲ ತಿಳಿದರೆ ಮಕ್ಕಳಿಗೆ ಲೆಕ್ಕದ ಮೇಲೆ ಪ್ರೀತಿ ಬರುತ್ತದೆ. ಒಳ್ಳೆಯ ಪಾಠಗಳನ್ನು ಇನ್‌ಸ್ಪೆಕ್ಟರರು ಒಟ್ಟುಮಾಡಿ ಎಲ್ಲ ಶಾಲೆಗಳಿಗೂ ಕೈಪಿಡಿ ಕಳಿಸುತ್ತಾರೆ.

"ಇದಕ್ಕೆ ಪುಸ್ತಕ ಉಂಟಾ ಮೇಡಂ?" ಎಂದು ಒಬ್ಬರು ಟೀಚರು ಕೇಳಿದರು.

"ಪುಸ್ತಕ ಇಲ್ಲ. ತಲೆ ಉಂಟಲ್ಲ, ಅದನ್ನು ಉಪಯೋಗಿಸಿ," ಎಂದರು ಹೆಡ್‌ಮಿಸ್ಟ್ರೆಸ್.

ಜುಲೈಯಲ್ಲಿ ನಾನು ಹಳೆಯ ಅಳತೆಯಿಂದ ಹೊಸ ಅಳತೆಗೆ ಹೋಗುವ ಪಾಠ ಹಿಡಿದೆ. ಆಗೆಲ್ಲ ನಮ್ಮಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಉರುಟಾಗಿ ಬಿಗಿದು ಕಟ್ಟಿಡುತ್ತಿದ್ದರು. ಅದಕ್ಕೆ ಮುಡಿ ಎಂದು ಹೆಸರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ನಲವತ್ತೆರಡು ಸೇರು. ಬೋರ್ಡಿನಲ್ಲಿ ಅಷ್ಟು ಬರೆದು ತಿರುಗಿದೆ. ಎರಡನೆಯ ಬೆಂಚಿನಲ್ಲಿ ಒಬ್ಬಳು ಬ್ಯಾರಿ ಮುಸ್ಲಿಂ ಹುಡುಗಿ ಕೂರುತ್ತಿದ್ದಳು. ಅವಳ ಅಜ್ಜನಿಗೆ ಬಂದರಿನಲ್ಲಿ ಅಕ್ಕಿಯ ಅಂಗಡಿ. ಅವಳು ಎದ್ದು ನಿಂತಳು.

"ಟೀಚರ್, ಹದಿನಾಲ್ಕೇ ಯಾಕೆ? ಹತ್ತು ಮಾಡಿದ್ದರೆ ಲೆಕ್ಕ ಸುಲಭ ಇತ್ತಲ್ಲ?"

ನನಗೆ ಗೊತ್ತಿರಲಿಲ್ಲ. ನಲವತ್ತು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. ಜಗಲಿಯಲ್ಲಿ ಹೆಡ್‌ಮಿಸ್ಟ್ರೆಸ್ ನಿಂತದ್ದು ಅವರ ಸೀರೆಯ ಅಂಚಿನಿಂದ ಗೊತ್ತಾಯಿತು. ಹದಿನಾಲ್ಕು ಎಂದರೆ ಏಳರ ಎರಡು ಪಟ್ಟು ಎಂಬುದಷ್ಟೇ ಆಗ ತಲೆಗೆ ಬಂತು. ಏಳು ಎಂದರೆ ವಾರ, ಎರಡು ಎಂದರೆ ಎರಡು ಹೊತ್ತು. ಉಳಿದದ್ದು ತಾನಾಗಿ ಬಾಯಿಗೆ ಬಂತು. ಹಿಂದೆ ನಮ್ಮ ಬಂದರಿನಿಂದ ಮಂಜಿಗಳು, ಅಂದರೆ ಹಾಯಿಕಟ್ಟಿದ ಸರಕಿನ ಹಡಗುಗಳು, ದೂರದ ಊರಿಗೆ ಹೋಗುತ್ತಿದ್ದವು. ಹಡಗಿನವರಿಗೆ ಬೆಳಿಗ್ಗೆ ಗಂಜಿಗೆ ಒಂದು ಸೇರು, ರಾತ್ರಿ ಊಟಕ್ಕೆ ಒಂದು ಸೇರು. ವಾರಕ್ಕೆ ಹದಿನಾಲ್ಕು ಸೇರು, ಅದೇ ಕಳಸೆ. ಪ್ರಯಾಣ ಮೂರು ವಾರದ್ದು, ಅದಕ್ಕೆ ಮೂರು ಕಳಸೆಯ ಮುಡಿ.

ಹುಡುಗಿಯರ ಮುಖ ಅರಳಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಜಗಲಿಯ ಸೀರೆಯ ಅಂಚು ಇನ್ನೂ ಅಲ್ಲೇ ಇತ್ತು. "ನಮ್ಮ ಊರಿನ ಮನೆಯಲ್ಲಿ ಹಳೆಯ ಓಲೆಗರಿ ಉಂಟು, ಅದರಲ್ಲಿ ಹೀಗೆ ಬರೆದಿದ್ದಾರೆ," ಎಂದುಬಿಟ್ಟೆ.

ಓಲೆಗರಿ ಇದ್ದದ್ದು ನಿಜ. ನನ್ನ ತಂದೆಯ ತಂದೆ ಊರಿನ ಶಾನುಭೋಗರ ಕೈಕೆಳಗೆ ಬರೆಯುತ್ತಿದ್ದವರು. ಅವರದ್ದೊಂದು ಕಟ್ಟು ಅಟ್ಟದಲ್ಲಿತ್ತು. ಅದನ್ನು ನಾನು ಬಿಚ್ಚಿಯೂ ನೋಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಇನ್‌ಸ್ಪೆಕ್ಟರರು ಬಂದರು. ಹೆಡ್‌ಮಿಸ್ಟ್ರೆಸ್ ಅವರನ್ನು ನೇರ ನನ್ನ ತರಗತಿಗೆ ಕರೆತಂದು ಮುಡಿಯ ಪಾಠ ಇನ್ನೊಮ್ಮೆ ಮಾಡಿಸಿದರು. ಅವರು ಒಳ್ಳೆಯ ಮನುಷ್ಯ. ಕನ್ನಡಕ ಒರೆಸಿ ಒರೆಸಿ ಕೇಳಿದರು. ಪಾಠ ಮುಗಿದ ಮೇಲೆ, "ಇದನ್ನು ಕೈಪಿಡಿಗೆ ಹಾಕುತ್ತೇನೆ. ಮುಂದಿನ ಸಲ ಬರುವಾಗ ಆ ಓಲೆ ತಂದಿಡಿ, ನನಗೊಮ್ಮೆ ನೋಡಬೇಕು," ಎಂದರು. ಹೊರಗೆ ಹೋಗುವಾಗ ಹೆಡ್‌ಮಿಸ್ಟ್ರೆಸರ ಹತ್ತಿರ ನನ್ನ ಹುದ್ದೆಯ ವಿಷಯ ಕೇಳಿದ್ದೂ ನನಗೆ ಕೇಳಿಸಿತು.

ದಸರೆಯ ರಜೆಯಲ್ಲಿ ನಿಮ್ಮ ಅಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ಅತ್ತಿಗೆ ಏಣಿ ಹಿಡಿದರು, ನಾನು ಅಟ್ಟ ಹತ್ತಿದೆ. ಎರಡು ಮರದ ಹಲಗೆಗಳ ನಡುವೆ, ತೂತಿಗೆ ಪೋಣಿಸಿದ ದಾರದಲ್ಲಿ ಕಟ್ಟಿದ ಮೂವತ್ತರಷ್ಟು ಗರಿಗಳಿದ್ದವು. ಅಂಚನ್ನು ಹುಳ ತಿಂದಿತ್ತು.

"ಇದೆಂತಕ್ಕೆ ನಿನಗೆ? ಒಲೆಗೆ ಹಾಕುವ ಅಂತ ಇದ್ದೆ," ಎಂದರು ಅತ್ತಿಗೆ.

"ಶಾಲೆಗೆ ಬೇಕು."

"ಮಂಗಳೂರಿನ ಶಾಲೆಯಲ್ಲಿ ಈಗ ಇದನ್ನು ಕಲಿಸ್ತಾರಾ? ಹಾಗಾದ್ರೆ ನಿನ್ನ ಅಜ್ಜ ಹೆಡ್‌ಮಾಸ್ಟ್ರು ಆಗಬಹುದಿತ್ತು."

ಓಲೆಯ ಮೇಲೆ ಶಾಯಿ ಇರುವುದಿಲ್ಲ. ಕಬ್ಬಿಣದ ಮೊನೆಯಿಂದ ಗೀರಿರುತ್ತಾರೆ, ಅಷ್ಟೆ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಟ್ಟೆಯಿಂದ ಗರಿಯ ಮೇಲೆ ಸವರಿ, ಒಣ ಬಟ್ಟೆಯಿಂದ ಒರೆಸಬೇಕು. ಗೀರಿನಲ್ಲಿ ಮಸಿ ನಿಂತು ಅಕ್ಷರ ಮೇಲೇಳುತ್ತದೆ. ಮೊದಲ ಗರಿಗೆ ಮಸಿ ಹೆಚ್ಚಾಗಿ ಇಡೀ ಗರಿ ಕಪ್ಪಾಯಿತು. ಎರಡನೆಯದನ್ನು ಒತ್ತಿ ಒರೆಸಿ ಮುರಿದೆ. ಮೂರನೆಯದರಿಂದ ಕೈ ಹದಕ್ಕೆ ಬಂತು. ಮಾತುಗಳ ನಡುವೆ ಜಾಗ ಬಿಡದೆ ಒಂದೇ ಉದ್ದಕ್ಕೆ ಬರೆದ ಬರಹ. ಎಲ್ಲಿ ಕಡಿಯಬೇಕೆಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಅಂಕಿಗಳು ಮಾತ್ರ ಸುಲಭವಾಗಿ ಸಿಕ್ಕಿದವು, ಯಾಕೆಂದರೆ ನಮ್ಮ ಹಳ್ಳಿಯ ಮೇಷ್ಟ್ರು ಹಳೆಯ ಕ್ರಮದಲ್ಲೇ ಕಲಿಸಿದ್ದರು. ಅಂಕಿಯ ಪಕ್ಕದಲ್ಲಿ ಒಂದು ಉದ್ದ ಗೀಟು ಇದ್ದರೆ ಕಾಲು, ಎರಡು ಇದ್ದರೆ ಅರ್ಧ, ಮೂರು ಇದ್ದರೆ ಮುಕ್ಕಾಲು.

ಹೆಚ್ಚಿನ ಗರಿಗಳಲ್ಲಿ ಗದ್ದೆಯ ವಿವರ. ಹತ್ತೊಂಬತ್ತನೆಯ ಗರಿಯಲ್ಲಿ ಕಳಸೆ ಎಂಬ ಮಾತು ಕಂಡಿತು. ಒಂದೊಂದೇ ಸಾಲು ಬಿಡಿಸಿ ನೋಟ್ ಪುಸ್ತಕದಲ್ಲಿ ಬರೆದೆ. ಬಡಗು ಮನೆಯ ಕಳಸೆಗೆ ಹದಿನಾಲ್ಕು ಸೇರು. ತೆಂಕು ಮನೆಯ ಕಳಸೆಗೆ ಹನ್ನೆರಡೂವರೆ. ಬೀಡಿನಲ್ಲಿ, ಅಂದರೆ ಊರಿನ ಜಮೀನ್ದಾರರ ಮನೆಯಲ್ಲಿ, ಅಳೆದು ತೆಗೆದುಕೊಳ್ಳುವ ಕಳಸೆಗೆ ಹದಿನೈದೂಕಾಲು. ಬೀಡಿನಲ್ಲಿ ಅಳೆದು ಕೊಡುವ ಕಳಸೆಗೆ ಹದಿಮೂರೂಮುಕ್ಕಾಲು. ಹೀಗೆ ಒಂಬತ್ತು ಸಾಲು. ಒಂದು ಮನೆಯ ಅಳತೆಯನ್ನು ಇನ್ನೊಂದು ಮನೆಯ ಅಳತೆಗೆ ತಿರುಗಿಸಿಕೊಳ್ಳಲು ನನ್ನ ಅಜ್ಜ ಮಾಡಿಟ್ಟ ಪಟ್ಟಿ ಅದು. ಹದಿನಾಲ್ಕು ಎಂಬುದು ಅದರಲ್ಲಿ ಒಂದು ಮನೆಯದ್ದು ಮಾತ್ರ. ಹಡಗಿಲ್ಲ, ವಾರವಿಲ್ಲ, ಯಾಕೆ ಎಂಬುದಕ್ಕೆ ಒಂದು ಅಕ್ಷರವೂ ಇಲ್ಲ.

ಈಗ ಅನಿಸುತ್ತದೆ, ಸುತ್ತೋಲೆ ಕೇಳಿದ ಇತಿಹಾಸ ನನ್ನ ಮಡಿಲಿನಲ್ಲೇ ಇತ್ತು, ಅದೂ ನನ್ನಂಥ ಹಳ್ಳಿಯ ಶಾಲೆಯವಳು ಮಾತ್ರ ಓದಬಹುದಾದ ರೂಪದಲ್ಲಿ. ಆಗ ನನಗೆ ಕಂಡದ್ದು ಒಂದೇ: ಮೊದಲ ಸಾಲಿನಲ್ಲಿ ಹದಿನಾಲ್ಕು ಉಂಟು.

ನವೆಂಬರಿನಲ್ಲಿ ಇನ್‌ಸ್ಪೆಕ್ಟರರು ತರಗತಿಗೇ ಬಂದು ಓಲೆ ಕೇಳಿದರು. ನಾನು ಗರಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ಎಡಗೈ ಹೆಬ್ಬೆರಳನ್ನು ಎರಡನೆಯ ಸಾಲಿನಿಂದ ಕೆಳಗಿನ ಅಂಕಿಗಳ ಮೇಲೆ ಇಟ್ಟಿದ್ದೆ. ಗರಿ ಮುರಿಯದ ಹಾಗೆ ಹಿಡಿದಂತೆ ಕಾಣುತ್ತಿತ್ತು. ಅವರು ಬಗ್ಗಿ ಮೊದಲ ಸಾಲನ್ನು ತಡವರಿಸುತ್ತಾ ಓದಿ, "ಕಳಸೆ... ಹದಿನಾಲ್ಕು. ಹೌದಲ್ಲ," ಎಂದು ಮಗುವಿನ ಹಾಗೆ ನಕ್ಕರು. "ಉಳಿದದ್ದು ನನಗೆ ಓದಲಿಕ್ಕೆ ಬರುವುದಿಲ್ಲ. ನೀವು ಓದಿದ್ದೀರಲ್ಲ, ಸಾಕು." ಹುಡುಗಿಯರೆಲ್ಲ ನೋಡುತ್ತಿದ್ದರು.

ಸುಳ್ಳು ಹೇಳಿದ್ದು ಗಾಬರಿಯಲ್ಲಿ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೆಬ್ಬೆರಳು ಇಟ್ಟದ್ದು ಗಾಬರಿಯಲ್ಲಿ ಅಲ್ಲ. ಹಿಂದಿನ ದಿನ ಮನೆಯಲ್ಲಿ ಎಲ್ಲಿ ಇಡಬೇಕೆಂದು ಇಟ್ಟು ನೋಡಿದ್ದೆ.

ಡಿಸೆಂಬರಿನ ಒಂದು ಶನಿವಾರ ಬ್ಯಾರಿ ಹುಡುಗಿ ಬಂದು, "ಟೀಚರ್, ಅಜ್ಜ ನಿಮ್ಮನ್ನು ಒಮ್ಮೆ ಅಂಗಡಿಗೆ ಬರಲಿಕ್ಕೆ ಹೇಳಿದ್ದಾರೆ. ಮುಡಿಯ ಕಥೆ ಕೇಳಬೇಕಂತೆ," ಎಂದಳು. ಹೋಗದಿದ್ದರೆ ಇನ್ನೂ ಕಷ್ಟವೆಂದು ಅವಳ ಜೊತೆಯಲ್ಲೇ ಬಂದರಿಗೆ ಇಳಿದೆ. ಅಂಗಡಿಯಲ್ಲಿ ಎರಡು ಕಡೆ ಮುಡಿಗಳನ್ನು ಒಟ್ಟಿದ್ದರು. ನಡುವೆ ಬಿಳಿ ಗಡ್ಡದ ಅವಳ ಅಜ್ಜ ಬೆಂಚಿನ ಮೇಲೆ ಕೂತಿದ್ದರು.

"ಬನ್ನಿ ಟೀಚರಮ್ಮ, ಕೂತ್ಕೊಳ್ಳಿ. ಈ ಹುಡುಗಿ ನಿಮ್ಮ ಕಥೆ ದಿನಾ ಹೇಳ್ತಾಳೆ. ಚಂದ ಉಂಟು. ಅಲ್ಲ, ಆ ಮಂಜಿಯಲ್ಲಿ ಎಷ್ಟು ಜನ?"

"ಐದಾರು ಜನ," ಎಂದೆ.

"ಆರು ಜನಕ್ಕೆ ಹೊತ್ತಿಗೆ ಒಂದೇ ಸೇರು ಅಕ್ಕಿಯಾ? ಎಂತ ಮಾರಾಯ್ರೆ, ನಮ್ಮ ಬಂದರಿನ ಖಲಾಸಿ ಒಬ್ಬನೇ ಅರ್ಧ ಸೇರು ಉಣ್ತಾನೆ. ನಿಮ್ಮ ಹಡಗು ಗಾಳಿಗೆ ಮುಳುಗುವುದು ಬೇಡ, ಹಸಿವಿಗೇ ಮುಳುಗ್ತದೆ."

ಮುಡಿ ಹೊರುತ್ತಿದ್ದವರು ನಕ್ಕರು. ಹುಡುಗಿಯೂ ನಕ್ಕಳು. ನಾನು ನೆಲ ನೋಡಿದೆ. ನನ್ನ ಮುಖ ಕಂಡು ಅವರು ಮಾತು ಬದಲಿಸಿ, ಗೋಡೆಯ ಬದಿಯಿಂದ ಮೂರು ಮರದ ಕಳಸೆಗಳನ್ನು ತರಿಸಿದರು. ಕಬ್ಬಿಣದ ಪಟ್ಟಿ ಹೊಡೆದವು. ಒಂದು ಘಟ್ಟದ ಬುಡದ ಕಡೆಯದ್ದು, ಒಂದು ಹೊಳೆಯಾಚೆಯದ್ದು, ಒಂದು ಅವರ ಅಂಗಡಿಯದ್ದು. ಅಕ್ಕಿ ತುಂಬಿಸಿ, ಮೇಲೆ ಕೋಲು ಎಳೆದು ಮಟ್ಟಮಾಡಿ, ಒಂದರಿಂದ ಒಂದಕ್ಕೆ ಸುರಿದು ತೋರಿಸಿದರು. ಮೂರೂ ಬೇರೆ.

"ಹಾಗಾದರೆ ಹದಿನಾಲ್ಕು ಯಾಕೆ ಬಂತು?" ಎಂದು ನಾನು ಕೇಳಿದೆ. ನನಗೆ ನಿಜವಾಗಿ ತಿಳಿಯಬೇಕಿತ್ತು.

"ನನಗೆಂತ ಗೊತ್ತು? ನನ್ನ ಅಜ್ಜನಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲ ಅಂತ ಹೇಳಿದ್ರೆ ಎಂತ ಆಗ್ತದೆ ಟೀಚರಮ್ಮ? ನನ್ನ ಅಂಗಡಿ ಏನೂ ಮುಚ್ಚಲಿಲ್ಲ."

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚಾ ತರಿಸಿ ಕೊಟ್ಟರು. ಅದನ್ನು ಹೇಗೆ ಕುಡಿದೆನೋ ಗೊತ್ತಿಲ್ಲ.

ಭಾನುವಾರವೆಲ್ಲ ಯೋಚಿಸಿದೆ. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಹುಡುಗಿಯರಿಗೆ ಹೇಳಿದೆ: ಹಡಗಿನ ಕಥೆ ನಾನು ಕಟ್ಟಿದ್ದು. ಓಲೆಯಲ್ಲಿ ಅದು ಇಲ್ಲ. ಹದಿನಾಲ್ಕು ಯಾಕೆಂದು ನನಗೆ ಗೊತ್ತಿಲ್ಲ. ಮೊದಲ ಬೆಂಚಿನವಳೊಬ್ಬಳು, "ಆದ್ರೂ ಕಥೆ ಚಂದ ಇತ್ತು ಟೀಚರ್," ಎಂದು ನನ್ನನ್ನೇ ಸಮಾಧಾನಪಡಿಸಿದಳು.

ಮರುದಿನ ಎಲ್ಲರೂ ಮನೆಯಿಂದ ಒಂದೊಂದು ಸೇರು ತರಬೇಕೆಂದು ಹೇಳಿದೆ. ಹಿತ್ತಾಳೆಯದ್ದು, ಕಬ್ಬಿಣದ್ದು, ಬಿದಿರಿನದ್ದು, ತಗಡಿನದ್ದು ಎಲ್ಲ ಬಂದವು. ಅಂಗಳದಲ್ಲಿ ಮರಳು ತುಂಬಿಸಿ, ಕೋಲು ಎಳೆದು, ಒಂದರಿಂದ ಒಂದಕ್ಕೆ ಸುರಿದೆವು. ಒಂದೇ ತರಗತಿಯಲ್ಲಿ ನಾಲ್ಕು ಬಗೆಯ ಸೇರು ಸಿಕ್ಕಿತು. ನಮ್ಮ ಮನೆಯದ್ದೇ ಸರಿ ಎಂದು ಇಬ್ಬರು ಜಗಳವಾಡಿದರು. ಕೊನೆಗೆ ಬೋರ್ಡಿನ ಮೇಲೆ ಪಟ್ಟಿ ಮಾಡಿದೆವು, ಇವಳ ಮನೆಯ ಸೇರಿಗೆ ಅವಳ ಮನೆಯದ್ದು ಎಷ್ಟು ಎಂದು. ಕಾಲು, ಅರ್ಧಗಳನ್ನು ಓಲೆಯ ಗೀಟುಗಳಲ್ಲೇ ಬರೆದೆವು. ಸರಕಾರ ಕಿಲೋ ಯಾಕೆ ತಂದಿತೆಂದು ನಾನು ಹೇಳಬೇಕಾಗಲಿಲ್ಲ, ಜಗಳವಾಡಿದವರೇ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಮಾಡಿದ ಪಾಠಗಳಲ್ಲಿ ಅದೊಂದೇ ನನಗೆ ಪಾಠ ಅನಿಸಿದ್ದು.

ಆ ಧೈರ್ಯದಲ್ಲೇ ಇನ್‌ಸ್ಪೆಕ್ಟರರಿಗೂ ಬರೆಯುತ್ತೇನೆಂದು ಹೆಡ್‌ಮಿಸ್ಟ್ರೆಸರ ಹತ್ತಿರ ಹೋದೆ. ಅವರು ಎಲ್ಲವನ್ನೂ ಕೇಳಿ, ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿದರು.

"ನಿಮಗೆ ಮರುಳಾ? ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲೆ ಉಂಟು. ಮಗು ಉಂಟು ನಿಮಗೆ. ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಬರೆಯುವಾಗ ನೋಡಿ ಬರೆಯಿರಿ."

ನೋಡಿಯೇ ಬರೆದೆ. ಮೊದಲ ಕಾಗದದಲ್ಲಿ "ಅದು ನಾನು ಕಟ್ಟಿದ ಸುಳ್ಳು" ಎಂದಿತ್ತು. ಅದನ್ನು ಹರಿದೆ. ಎರಡನೆಯದರಲ್ಲಿ ಸುಳ್ಳು ಹೋಗಿ ತಪ್ಪು ಬಂತು. ಮೂರನೆಯದರಲ್ಲಿ ತಪ್ಪು ಹೋಗಿ ಊಹೆ ಬಂತು. ನಾಲ್ಕನೆಯದನ್ನು ಅಂಚೆಗೆ ಹಾಕಿದೆ. ಅದರಲ್ಲಿ ಇದ್ದದ್ದು ಇಷ್ಟೆ: ಓಲೆಯಲ್ಲಿ ಕಳಸೆಯ ಬೇರೆ ಅಳತೆಗಳೂ ಕಂಡುಬರುತ್ತವೆ, ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಹದಿನೈದು ದಿನದಲ್ಲಿ ಉತ್ತರ ಬಂತು. ಬೇರೆ ಅಳತೆಗಳಿದ್ದರೆ ಆಶ್ಚರ್ಯವಿಲ್ಲ, ನಿಮ್ಮ ವಿವರಣೆಗೆ ಅದರಿಂದ ಬಾಧಕವಿಲ್ಲ, ಮಕ್ಕಳ ಮನಸ್ಸಿನಲ್ಲಿ ನಿಲ್ಲುವಂಥದ್ದು, ಅದೇ ಮುಖ್ಯ. ನಾನು ಅರ್ಧ ಬರೆದಿದ್ದೆ, ಅವರು ಆ ಅರ್ಧಕ್ಕೆ ಉತ್ತರ ಕೊಟ್ಟಿದ್ದರು. ಇನ್ನೊಂದು ಕಾಗದ ನಾನು ಬರೆಯಲಿಲ್ಲ. ಫೆಬ್ರವರಿಯಲ್ಲಿ ಸೈಕ್ಲೊಸ್ಟೈಲ್ ಮಾಡಿದ ಕೈಪಿಡಿ ಬಂತು. ಏಳನೆಯ ಪುಟದಲ್ಲಿ ನನ್ನ ಹಡಗು ಇತ್ತು. "ಪ್ರಾಚೀನ ಓಲೆಗರಿಯ ಆಧಾರದಿಂದ" ಎಂದೂ ಇತ್ತು.

ಮಾರ್ಚಿನಲ್ಲಿ ಇನ್‌ಸ್ಪೆಕ್ಟರರ ಕೈಕೆಳಗಿನ ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ. ಐದನೆಯ ತರಗತಿಯ ಲೆಕ್ಕದ ಪತ್ರಿಕೆಯ ಕೊನೆಯಲ್ಲಿ ಎರಡು ಅಂಕದ ಪ್ರಶ್ನೆ: ಮುಡಿಗೆ ನಲವತ್ತೆರಡು ಸೇರು ಯಾಕೆ? ಉತ್ತರದ ಹಾಳೆ ಬೇರೆ ಬಂದಿತ್ತು. ವಾರ, ಎರಡು ಹೊತ್ತು, ಮೂರು ವಾರದ ಪ್ರಯಾಣ, ಮೂರೂ ಇದ್ದರೆ ಪೂರ್ಣ ಅಂಕ.

ನನ್ನ ಹುಡುಗಿಯರಲ್ಲಿ ಮೂವತ್ತಕ್ಕಿಂತ ಹೆಚ್ಚು ಜನ ಹಡಗನ್ನೇ ಬರೆದಿದ್ದರು. ಸುಳ್ಳು ಎಂದು ನಾನೇ ಹೇಳಿದ್ದೆ. ಆದರೂ ಕಥೆ ಅವರಲ್ಲಿ ಉಳಿದಿತ್ತು, ಅದು ಸುಳ್ಳೆಂಬುದು ಉಳಿದಿರಲಿಲ್ಲ. ಕೆಲವರು ಆ ಪ್ರಶ್ನೆಯನ್ನು ಬಿಟ್ಟಿದ್ದರು. ಬ್ಯಾರಿ ಹುಡುಗಿ ಬರೆದಿದ್ದಳು: "ಗೊತ್ತಿಲ್ಲ. ಯಾಕೆಂದು ಯಾರೂ ಬರೆದಿಟ್ಟಿಲ್ಲ. ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ಕಳಸೆ ಇತ್ತು."

ಕೆಂಪು ಪೆನ್ನು ಹಿಡಿದು ಆ ಹಾಳೆಯ ಮುಂದೆ ತುಂಬಾ ಹೊತ್ತು ಕೂತೆ. ಪತ್ರಿಕೆಗಳನ್ನು ಹೆಡ್‌ಮಿಸ್ಟ್ರೆಸ್ ನೋಡುತ್ತಾರೆ, ಆಮೇಲೆ ಕೆಲವನ್ನು ಇನ್‌ಸ್ಪೆಕ್ಟರರ ಕಚೇರಿಗೂ ಕಳಿಸುತ್ತಾರೆ. ಎರಡು ಕೊಟ್ಟರೆ ಯಾಕೆ ಕೊಟ್ಟೆ ಎಂದು ಹೇಳಬೇಕಾಗುತ್ತಿತ್ತು. ಹಡಗು ಬರೆದವರಿಗೆ ಎರಡೆರಡು ಹಾಕಿದೆ. ಅವಳಿಗೆ ಸೊನ್ನೆ ಹಾಕಿದೆ.

ಪತ್ರಿಕೆ ಕೊಟ್ಟ ದಿನ ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ನಿಂತಳು.

"ಟೀಚರ್, ಇದು ತಪ್ಪಾ?"

"ಅಲ್ಲ. ನೀನು ಬರೆದದ್ದು ಸರಿ."

"ಮತ್ತೆ ಸೊನ್ನೆ ಯಾಕೆ?"

"ಅವರು ಕಳಿಸಿದ ಉತ್ತರದಲ್ಲಿ ಹಾಗೆ ಇಲ್ಲ."

ಅವಳು ಹಾಳೆಯನ್ನು ನೋಡಿದಳು. ಕೋಪವಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುವಾಗ ಇರುವಂಥ ಮುಖ.

"ನೀವು ಪರೀಕ್ಷೆಗೆ ಕೂತಿದ್ದರೆ ಎಂತ ಬರೀತಿದ್ರಿ ಟೀಚರ್?"

ನಾನು ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಕೈಯಿಂದ ಒರೆಸಿದೆ. ಅವಳು ಹಾಳೆ ಮಡಿಚಿ ಚೀಲಕ್ಕೆ ಹಾಕಿ, "ಹೋಗ್ತೇನೆ ಟೀಚರ್," ಎಂದು ಹೇಳಿ ಹೋದಳು.

ಜೂನಿನಲ್ಲಿ ನನ್ನ ಹುದ್ದೆ ಖಾಯಂ ಆದ ಕಾಗದ ಬಂತು. ಹೆಡ್‌ಮಿಸ್ಟ್ರೆಸ್ ಎಲ್ಲರಿಗೂ ಲಾಡು ಹಂಚಿಸಿದರು. ಆ ಕೆಲಸದಲ್ಲಿ ನಾನು ಇಪ್ಪತ್ತೆಂಟು ವರ್ಷ ಇದ್ದೆ. ನಿಮ್ಮ ಅಮ್ಮ ಓದಿದ್ದು ಆ ಕೆಲಸದಿಂದ.